ಕುರ್ಚಿಯಲ್ಲಿ ಕೂತಿದ್ದವರು

ಪ್ರದರ್ಶನದಲ್ಲಿ ತಮ್ಮ ಚಿತ್ರದ ಪಕ್ಕ ನಿಂತ ಕಲಾವಿದರನ್ನು ಜನ ಎಷ್ಟೋ ಬಗೆಯಲ್ಲಿ ಮಾತನಾಡಿಸುತ್ತಾರೆ, ಆದರೆ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಇದರ ಹಿಂದಿನ ಕಥೆ ಏನು? ಯಾವ ಬಣ್ಣ ಬಳಸಿದಿರಿ, ಎಷ್ಟು ದಿನ ಹಿಡಿಯಿತು ಎಂದು ವಿಚಾರಿಸುವವರೂ ಇರುತ್ತಾರೆ. ಅವರ ಕಣ್ಣು ಚಿತ್ರದಿಂದ ನಮ್ಮ ಮುಖಕ್ಕೆ, ನಮ್ಮ ಮುಖದಿಂದ ಮತ್ತೆ ಚಿತ್ರಕ್ಕೆ ಹೋಗಿ ಬರುವುದನ್ನು ಗಮನಿಸಿದರೆ ಅವರಿಗೂ ಬೇಕಾಗಿರುವುದು ಅದೇ ಎಂದು ತಿಳಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಬೇರೆಯವರ ಚಿತ್ರಗಳ ಮುಂದೆ ನಿಂತಾಗ ನಾನೂ ಹಾಗೆಯೇ ಕೇಳಿದ್ದೇನೆ. ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಾ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವನ್ನು ಮರೆತೂ ಇದ್ದೇನೆ. ಒಂದು ಉತ್ತರ ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ. ನಾಲ್ಕು ವರ್ಷಗಳ ಹಿಂದೆ ಕೊಟ್ಟ ಆ ಉತ್ತರವನ್ನು ಇಲ್ಲಿ ಕೂತು ಬಿಡಿಸಿ ನೋಡಬೇಕೆನಿಸಿದೆ.

ಆ ಚಿತ್ರ ದೊಡ್ಡದೇನಲ್ಲ. ಮೂರಡಿ ಎತ್ತರ, ಎರಡೂವರೆ ಅಡಿ ಅಗಲದ ಕ್ಯಾನ್ವಾಸಿನ ಮೇಲೆ ತೈಲವರ್ಣ. ಪಡುವಣ ಕಿಟಕಿಯ ಪಕ್ಕ ಒಂದು ಮರದ ಕುರ್ಚಿ. ಇಳಿಹೊತ್ತಿನ ಬೆಳಕು ಓರೆಯಾಗಿ ಬಂದು ಕುರ್ಚಿಯ ಒಂದು ಕೈಯ ಮೇಲೆ, ಆಸನದ ಅರ್ಧಭಾಗದ ಮೇಲೆ, ಆಮೇಲೆ ನೆಲದ ಮೇಲೆ ಬಿದ್ದಿದೆ. ಕುರ್ಚಿ ಖಾಲಿಯಾಗಿದೆ. ಪ್ರದರ್ಶನದ ಮೊದಲ ದಿನ ಮಧ್ಯವಯಸ್ಸಿನ ಮಹಿಳೆಯೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ಬೇರೆ ಚಿತ್ರಗಳನ್ನು ನೋಡಿಕೊಂಡು ಬಂದು ಮತ್ತೆ ಅಲ್ಲಿಯೇ ನಿಂತರು. ನಾನು ಹತ್ತಿರ ಹೋದಾಗ, ತಿರುಗಿ ನೋಡದೆಯೇ, ಇದು ಯಾರ ಕುರ್ಚಿ ಎಂದು ಕೇಳಿದರು. "ನಮ್ಮ ಅಪ್ಪನ ಕುರ್ಚಿ. ಅವರು ಹೋದ ವರ್ಷ ತೀರಿಕೊಂಡರು" ಎಂದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ನಂತರ ಕಣ್ಣೊರೆಸಿಕೊಂಡು, ತಮ್ಮ ತಾಯಿ ಕೂರುತ್ತಿದ್ದ ಮೂಲೆಯಲ್ಲಿ ಈಗ ಯಾರೂ ಕೂರುವುದಿಲ್ಲ, ಹೇಳದೆಯೇ ಎಲ್ಲರೂ ಆ ಜಾಗ ಬಿಟ್ಟು ಕೂರುತ್ತೇವೆ ಎಂದರು.

ನಾನು ಹೇಳಿದ ಎರಡು ಮಾತುಗಳೂ ನಿಜ. ಕುರ್ಚಿ ಅಪ್ಪನದು. ಅಪ್ಪ ತೀರಿಕೊಂಡಿದ್ದರು. ಆದರೆ ಆ ಎರಡು ನಿಜಗಳನ್ನು ಒಂದರ ಪಕ್ಕ ಒಂದನ್ನು ಇಟ್ಟ ಕೂಡಲೇ ಅವುಗಳ ನಡುವೆ ಮೂರನೆಯ ಮಾತೊಂದು ತಾನಾಗಿ ಹುಟ್ಟಿತು: ಅಪ್ಪ ಹೋದ ಮೇಲೆ, ಅವರ ನೆನಪಿನಲ್ಲಿ, ಖಾಲಿ ಕುರ್ಚಿಯನ್ನು ನೋಡುತ್ತಾ ಬರೆದ ಚಿತ್ರವಿದು ಎಂಬ ಮಾತು. ಅದನ್ನು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆ ಕುರ್ಚಿಯನ್ನು ಖಾಲಿಯಾಗಿ ಬರೆದಾಗ ಅಪ್ಪ ಪಕ್ಕದ ಕೋಣೆಯಲ್ಲಿದ್ದರು. ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ಆ ಚಿತ್ರವನ್ನು ಗೋಡೆಯ ಮೇಲೆ ನೋಡಿದ್ದರು ಕೂಡ.

ಒಂದು ವಾರದ ಪ್ರದರ್ಶನದಲ್ಲಿ ಆ ಎರಡು ವಾಕ್ಯಗಳನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಮೂರನೆಯ ದಿನದ ಹೊತ್ತಿಗೆ ಅವುಗಳಿಗೆ ಒಂದು ಹದ ಬಂದಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕಿಟಕಿಯ ಬೆಳಕನ್ನು ತೋರಿಸಬೇಕು ಎಂಬುದೆಲ್ಲ ನಾಲಿಗೆಗೆ ರೂಢಿಯಾಗಿತ್ತು. ಕೇಳಿದವರ ಮುಖದಲ್ಲಿ ಆಗುವ ಬದಲಾವಣೆ ನನಗೂ ಬೇಕೆನಿಸತೊಡಗಿತ್ತು. ಕೊನೆಯ ದಿನ ಆ ಮಹಿಳೆಯೇ ಮತ್ತೆ ಬಂದು ಚಿತ್ರವನ್ನು ಕೊಂಡರು. ಅದೇ ದಿನ ಪ್ರದರ್ಶನಕ್ಕೆ ಬಂದಿದ್ದ ಅಕ್ಕ ನನ್ನ ಹಿಂದೆಯೇ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಅವಳು ಆಗ ಏನೂ ಮಾತನಾಡಲಿಲ್ಲ.

ಎದ್ದು ಹೋದ ಸಂಜೆ

ಆ ಚಿತ್ರ ಭಾವಚಿತ್ರವಾಗಿ ಶುರುವಾದದ್ದು. ಬೇರೆಯವರ ಮುಖಗಳನ್ನು ಬರೆದು ಬರೆದು ಕೈ ಪಳಗಿದ್ದರೂ ಅಪ್ಪನನ್ನು ಒಮ್ಮೆಯೂ ಬರೆದಿರಲಿಲ್ಲ. ಕೇಳಿದಾಗ ಅವರು ಕೂಡಲೇ ಒಪ್ಪಿದರು. ಕಿಟಕಿಯಲ್ಲಿ ನನಗೆ ಬೇಕಾದ ಬೆಳಕು ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಆದ್ದರಿಂದ ಪ್ರತಿ ಸಂಜೆ ಅಷ್ಟೇ ಹೊತ್ತು ಕೂರಬೇಕೆಂದು ಮಾತಾಯಿತು. ಮೊದಲ ನಾಲ್ಕು ದಿನ ಇದ್ದಿಲಿನಲ್ಲಿ ಸ್ಕೆಚ್‌ಗಳನ್ನಷ್ಟೇ ಮಾಡಿದೆ. ಐದನೆಯ ದಿನ ಕ್ಯಾನ್ವಾಸಿಗೆ ಬಂದೆ. ಬರ್ನ್ಟ್ ಅಂಬರ್ ಎಂಬ ಕಂದುಬಣ್ಣವನ್ನು ತೆಳುವಾಗಿ ಕಲಸಿ ಇಡೀ ಆಕೃತಿಯನ್ನು ಗುರುತಿಸಿಕೊಂಡು, ಅದು ಒಣಗಿದ ಮೇಲೆ ಬಟ್ಟೆಯ ತಿಳಿಬಣ್ಣದ ಮಡಿಕೆಗಳನ್ನು ಪ್ಯಾಲೆಟ್ ನೈಫಿನಿಂದ ದಪ್ಪವಾಗಿ ಹಚ್ಚಿದೆ. ಬಟ್ಟೆ ಬಂತು, ಕೈಗಳು ಬಂದವು, ಕುರ್ಚಿಯಂತೂ ತಾನಾಗಿಯೇ ಬಂತು. ಮುಖ ಬರಲಿಲ್ಲ.

ಮುಖ ಬರಲಿಲ್ಲ ಎಂದರೆ ಹೋಲಿಕೆ ಸಿಗಲಿಲ್ಲ ಎಂದು ಅರ್ಥವಲ್ಲ. ಹೋಲಿಕೆ ಎರಡನೆಯ ದಿನವೇ ಸಿಕ್ಕಿತ್ತು. ಯಾರು ನೋಡಿದರೂ ಇದು ಇಂಥವರೇ ಎಂದು ಗುರುತಿಸುವಂತಿತ್ತು. ಆದರೆ ಅದು ಅವರ ಮುಖದ ಮೇಲೆ ಹೊದಿಸಿದ ಇನ್ನೊಂದು ಮುಖದಂತೆ ಕಾಣುತ್ತಿತ್ತು. ಪ್ರತಿ ಸಂಜೆ ಬರೆದದ್ದನ್ನು ಬಣ್ಣ ಹಸಿಯಿರುವಾಗಲೇ ಕೆರೆದು ತೆಗೆದು, ಟರ್ಪೆಂಟೈನ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಮರುದಿನ ಹೊಸದಾಗಿ ಆರಂಭಿಸುತ್ತಿದ್ದೆ. ಅಪ್ಪ ಅದನ್ನೆಲ್ಲ ನೋಡುತ್ತಿದ್ದರು. ಅವರು ಕೂತಲ್ಲಿಂದ ಕ್ಯಾನ್ವಾಸಿನ ಬೆನ್ನಷ್ಟೇ ಕಾಣುತ್ತಿತ್ತು. ಕೆರೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಹನ್ನೊಂದನೆಯ ಸಂಜೆ ಅವರು ಪದೇ ಪದೇ ಅಲುಗಾಡುತ್ತಿದ್ದರು. ಬೆಳಕು ಇಳಿಯುತ್ತಿತ್ತು, ನನಗೆ ಕೆನ್ನೆಯ ಮೇಲಿನ ಒಂದು ನೆರಳು ಸಿಗಬೇಕಾಗಿತ್ತು. "ಅಪ್ಪಾ, ದಯವಿಟ್ಟು ಅಲುಗಾಡಬೇಡಿ" ಎಂದೆ. ಎರಡನೆಯ ಸಲ ಹೇಳುವಾಗ ದನಿ ಗಡುಸಾಯಿತು. ಮೂರನೆಯ ಸಲ ಹೇಳುವ ಮೊದಲೇ ಅವರು, "ನೀನು ನನ್ನನ್ನು ನೋಡುತ್ತಿದ್ದೀಯೋ, ಬಣ್ಣವನ್ನು ನೋಡುತ್ತಿದ್ದೀಯೋ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ನಾನು ಉತ್ತರ ಕೊಡಲಿಲ್ಲ, ನೆರಳು ಸರಿಯುತ್ತಿತ್ತು. ಅವರು ಕುರ್ಚಿಯ ಕೈಗಳನ್ನು ಊರಿಕೊಂಡು ಮೆಲ್ಲನೆ ಎದ್ದು ಒಳಗೆ ಹೋದರು. ಆಮೇಲೆ ಮತ್ತೆ ಕೂರಲಿಲ್ಲ, ನಾನು ಕರೆಯಲೂ ಇಲ್ಲ.

ಅವಮಾನವಾದಂತಾಗಿತ್ತು ನನಗೆ. ಎರಡು ವಾರ ಕ್ಯಾನ್ವಾಸನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದ್ದೆ. ನಂತರ ಒಂದು ದಿನ ಈಸೆಲ್ ಮೇಲೆ ಇಟ್ಟು, ಟೈಟೇನಿಯಂ ವೈಟ್ ಎಂಬ ಬಿಳಿಗೆ ಸ್ವಲ್ಪ ಓಕರ್ ಹಳದಿ ಬೆರೆಸಿ ಅವರ ತಲೆ, ಭುಜಗಳಿದ್ದ ಜಾಗದಲ್ಲಿ ಗೋಡೆಯನ್ನು ಎಳೆದೆ. ಎದೆಯಿದ್ದಲ್ಲಿ ಕುರ್ಚಿಯ ಬೆನ್ನಿನ ಪಟ್ಟಿಗಳು ಬಂದವು. ಕಾಲುಗಳಿದ್ದಲ್ಲಿ ನೆಲ ಬಂತು. ಎರಡೇ ದಿನಗಳಲ್ಲಿ ಮುಗಿಯಿತು. ಅಷ್ಟು ಹಗುರವಾಗಿ ನಾನು ಇನ್ಯಾವ ಚಿತ್ರವನ್ನೂ ಮುಗಿಸಿಲ್ಲ. ಖಾಲಿಯಾದ ಕೂಡಲೇ ಆ ಕುರ್ಚಿಗೆ ಒಂದು ತೂಕ ಬಂತು, ಬೆಳಕಿಗೆ ಕೂರಲು ಜಾಗ ಸಿಕ್ಕಿತು. ಅದು ಒಳ್ಳೆಯ ಚಿತ್ರವೆಂದು ನನಗೆ ಆಗಲೇ ಗೊತ್ತಾಗಿತ್ತು, ಈಗಲೂ ಹಾಗೆಯೇ ಅನ್ನಿಸುತ್ತದೆ. ಗೋಡೆಗೆ ತೂಗುಹಾಕಿದ ದಿನ ಅಪ್ಪ ಬಂದು ನೋಡಿದರು. ಸ್ವಲ್ಪ ಹಿಂದೆ ಸರಿದು ನೋಡಿ, "ಕುರ್ಚಿ ಚೆನ್ನಾಗಿ ಬಂದಿದೆ" ಎಂದರು.

ಇದು ಆ ಚಿತ್ರದ ಹಿಂದಿನ ಕಥೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಸೋಲಿನ ಕಥೆಯಾದ್ದರಿಂದ ಯಾರಿಗೂ ಹೇಳಿರಲಿಲ್ಲ. ಹೇಳದೇ ಇಟ್ಟುಕೊಂಡದ್ದು ಹೇಳಿದ್ದಕ್ಕಿಂತ ಹೆಚ್ಚು ನಿಜವೆಂದು ನಮಗೆಲ್ಲ ಅನಿಸುತ್ತದಲ್ಲವೇ? ನನಗೂ ಹಾಗೆಯೇ ಅನಿಸಿತ್ತು.

ಬೇರೆಯವರ ಕುರ್ಚಿಗಳು

ಖಾಲಿ ಕುರ್ಚಿಯನ್ನು ಬರೆದವರಲ್ಲಿ ಎಲ್ಲರಿಗೂ ನೆನಪಾಗುವವನು ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ. 1888ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದ ಮನೆಯಲ್ಲಿ ಅವನು ಎರಡು ಕುರ್ಚಿಗಳನ್ನು ಬರೆದ. ಒಂದು ತನ್ನದು: ಹಗಲ ಬೆಳಕಿನಲ್ಲಿ ಕೆಂಪು ಹಂಚಿನ ನೆಲದ ಮೇಲಿರುವ, ಜೊಂಡು ಹೆಣೆದ ಹಳದಿ ಕುರ್ಚಿ, ಆಸನದ ಮೇಲೆ ಪೈಪು, ತಂಬಾಕು. ಇನ್ನೊಂದು ಅವನ ಗೆಳೆಯ, ಚಿತ್ರಕಾರ ಪಾಲ್ ಗೋಗ್ಯಾನನದು: ರಾತ್ರಿಯ ದೀಪದ ಬೆಳಕಿನಲ್ಲಿ ಕೆಂಪು ಹಸಿರುಗಳ ನಡುವೆ ಇರುವ ಕೈಗಳುಳ್ಳ ಕುರ್ಚಿ, ಆಸನದ ಮೇಲೆ ಉರಿಯುವ ಮೇಣದಬತ್ತಿ, ಎರಡು ಪುಸ್ತಕಗಳು. ಗೋಗ್ಯಾನ್ ಅಕ್ಟೋಬರ್ ಕೊನೆಯಲ್ಲಿ ಆ ಮನೆಗೆ ಬಂದ, ಡಿಸೆಂಬರ್ 23ರ ಜಗಳ ಮತ್ತು ವಿನ್ಸೆಂಟ್ ತನ್ನ ಕಿವಿ ಕೊಯ್ದುಕೊಂಡ ಆ ರಾತ್ರಿಯ ನಂತರ ಹೊರಟುಹೋದ. ಎರಡು ತಿಂಗಳ ಗೆಳೆತನ. ಗೋಗ್ಯಾನನ ಕುರ್ಚಿಯ ಚಿತ್ರದ ಮುಂದೆ ನಿಂತವರೆಲ್ಲ ಬಿಟ್ಟುಹೋದ ಗೆಳೆಯನನ್ನು ಕಾಣುತ್ತಾರೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಕಂಡಿದ್ದೆ.

ಆದರೆ ವಿನ್ಸೆಂಟ್ ಈ ಎರಡು ಕುರ್ಚಿಗಳ ಬಗ್ಗೆ ತಮ್ಮ ಥಿಯೋಗೆ ಪತ್ರ ಬರೆದದ್ದು ನವೆಂಬರಿನಲ್ಲಿ. ಗೋಗ್ಯಾನ್ ಆಗ ಅದೇ ಮನೆಯಲ್ಲಿದ್ದ, ಬಹುಶಃ ಬೇಕಾದಾಗಲೆಲ್ಲ ಅದೇ ಕುರ್ಚಿಯಲ್ಲಿ ಕೂರುತ್ತಿದ್ದ. ಪತ್ರದಲ್ಲಿ ವಿನ್ಸೆಂಟ್ ಹೇಳಿಕೊಂಡದ್ದು ಬಣ್ಣಗಳ ವಿಷಯ: ಒಂದರಲ್ಲಿ ಹಗಲು, ಇನ್ನೊಂದರಲ್ಲಿ ರಾತ್ರಿ. ಬಿಟ್ಟುಹೋದದ್ದು ಆಮೇಲೆ ನಡೆಯಿತು. ನಡೆದ ಮೇಲೆ ಹಿಂದಕ್ಕೆ ಬಂದು ಚಿತ್ರದೊಳಗೆ ಕೂತಿತು. ಹಾಗಾದರೆ ನಾವು ಕಾಣುವ ಅಗಲಿಕೆ ಸುಳ್ಳೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಗೆಳೆಯನಿರುವಾಗ ಅವನನ್ನು ಕೂರಿಸಿ ಬರೆಯದೆ ಅವನ ಕುರ್ಚಿಯನ್ನು ಬರೆದ ಕೈಗೆ ಏನೋ ತಿಳಿದಿದ್ದಿರಬೇಕು. ಏನು ತಿಳಿದಿತ್ತೆಂದು ವಿನ್ಸೆಂಟನನ್ನು ಆ ನವೆಂಬರಿನಲ್ಲಿ ಕೇಳಿದ್ದರೆ, ಹಗಲು ಮತ್ತು ರಾತ್ರಿಯ ಬಣ್ಣಗಳ ಬಗ್ಗೆಯೇ ಹೇಳುತ್ತಿದ್ದನೆಂದು ನನ್ನ ನಂಬಿಕೆ.

ಇನ್ನೊಂದು ಕುರ್ಚಿ ಅಮೆರಿಕದ ಚಿತ್ರಕಾರ ವಿಸ್ಲರನ ತಾಯಿ ಕೂತದ್ದು. 1871ರಲ್ಲಿ ಬರೆದ ಆ ಚಿತ್ರಕ್ಕೆ ವಿಸ್ಲರ್ ಕೊಟ್ಟ ಹೆಸರಿನಲ್ಲಿ ಮೊದಲು ಬರುವುದು ಬೂದು ಮತ್ತು ಕಪ್ಪು ಬಣ್ಣಗಳ ಸಂಯೋಜನೆ. ನನ್ನ ತಾಯಿಯ ಚಿತ್ರವೆಂದು ನನಗೆ ಅದು ಮುಖ್ಯ, ಆದರೆ ಕೂತವರು ಯಾರೆಂಬುದು ನೋಡುವವರಿಗೆ ಏಕೆ ಬೇಕು ಎಂಬುದು ಅವನ ವಾದವಾಗಿತ್ತು. ಲೋಕ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ಬಾಯಲ್ಲೂ ಅದು ವಿಸ್ಲರನ ತಾಯಿಯೇ ಆಯಿತು. 1934ರಲ್ಲಿ ಅಮೆರಿಕದ ಅಂಚೆ ಇಲಾಖೆ ತಾಯಂದಿರ ದಿನಕ್ಕೆಂದು ಅದನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿದಾಗ, ಚಿತ್ರವನ್ನು ಕತ್ತರಿಸಿದ್ದಲ್ಲದೆ ಮೂಲೆಯಲ್ಲಿ ಇಲ್ಲದ ಒಂದು ಹೂದಾನಿಯನ್ನೂ ತಂದಿಟ್ಟಿತು. ವಿಸ್ಲರ್ ತೀರಿಕೊಂಡು ಆಗ ಮೂವತ್ತೊಂದು ವರ್ಷವಾಗಿತ್ತು. ಆ ಹೂದಾನಿಯ ಬಗ್ಗೆ ಓದಿದಾಗ ನನಗೆ ಮೈ ಜುಮ್ಮೆಂದಿತು. ಕಿಟಕಿಯ ಬೆಳಕನ್ನು ತೋರಿಸಿ ನಾನು ಹದವಾಗಿ ನಿಲ್ಲಿಸುತ್ತಿದ್ದ ಆ ವಾಕ್ಯ ಕೂಡ ಅಂಥದ್ದೇ ಒಂದು ಹೂದಾನಿಯಾಗಿತ್ತು.

ಹಾಗೆಂದು ನಾನು ವಿಸ್ಲರನ ಪಕ್ಷಕ್ಕೆ ಸೇರುವುದಿಲ್ಲ. ಒಂದು ಕಾಲದಲ್ಲಿ ಸೇರಿದ್ದೆ. ಚಿತ್ರ ಎಂದರೆ ಬಣ್ಣ, ಆಕಾರ, ಬೆಳಕು, ಉಳಿದದ್ದೆಲ್ಲ ಹರಟೆ ಎಂದು ಗಟ್ಟಿಯಾಗಿ ವಾದಿಸಿದ್ದೂ ಉಂಟು. (ಕಥೆಯೇ ಇಲ್ಲದ ಚಿತ್ರಗಳೂ ಇವೆ. ಪ್ಯಾಲೆಟ್ಟಿನಲ್ಲಿ ಉಳಿದ ಕೆಂಪು ಒಣಗಿಹೋಗಬಾರದೆಂದು ಬರೆದ ಒಂದು ಮಡಕೆಯ ಚಿತ್ರ ನನ್ನ ಬಳಿ ಇದೆ, ಅದರ ಮುಂದೆ ನಿಂತು ಬಾಲ್ಯವನ್ನು ನೆನೆದವರೂ ಇದ್ದಾರೆ.) ಆದರೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಟೋಪಿಯ ಲೇಸನ್ನು ಅಷ್ಟು ಮೃದುವಾಗಿ ಬರೆದ ಕೈ ಬರೀ ಬೂದು ಕಪ್ಪುಗಳನ್ನು ಜೋಡಿಸುತ್ತಿತ್ತೆಂದು ಈಗ ನಾನು ಒಪ್ಪಲಾರೆ.

ಸ್ಕೆಚ್ ಪುಸ್ತಕ

ಪ್ರದರ್ಶನ ಮುಗಿದ ರಾತ್ರಿ ಚಿತ್ರಗಳನ್ನೆಲ್ಲ ಕಟ್ಟುತ್ತಿರುವಾಗ ಅಕ್ಕ ಮಾತು ತೆಗೆದಳು. "ಅಪ್ಪ ಇದ್ದಾಗಲೇ ಬರೆದದ್ದಲ್ಲವೇ ಅದು?" ಎಂದಳು. ಹೌದೆಂದೆ. ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನಿಸಿ, ನಾನು ಗಡುಸಾಗಿ ಮಾತನಾಡಿದ್ದು, ಅವರು ಬೇಸರದಿಂದ ಎದ್ದುಹೋದದ್ದು, ಆಮೇಲೆ ಅವರನ್ನು ಬಣ್ಣದಿಂದ ಮುಚ್ಚಿದ್ದು ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟಳು. "ಬೇಸರವೇನೂ ಇರಲಿಲ್ಲ ಅವರಿಗೆ. ಮೊಣಕಾಲು ನೋವು. ಆ ತಿಂಗಳು ಬಹಳ ಜಾಸ್ತಿಯಾಗಿತ್ತು. ಹತ್ತು ನಿಮಿಷ ಕಾಲು ಮಡಿಸಿ ಕೂರಲು ಆಗುತ್ತಿರಲಿಲ್ಲ. ನಿನಗೆ ಹೇಳಬೇಡ ಎಂದಿದ್ದರು. ಹೇಳಿದರೆ ನೀನು ಚಿತ್ರ ನಿಲ್ಲಿಸಿಬಿಡುತ್ತೀಯ, ಹನ್ನೊಂದು ದಿನ ಕೂತದ್ದೂ ವ್ಯರ್ಥವಾಗುತ್ತದೆ ಎಂದರು."

ನಾನು ನಂಬಲಿಲ್ಲ. ನಂಬಲಿಲ್ಲ ಎನ್ನುವುದಕ್ಕಿಂತ, ಅಷ್ಟು ವರ್ಷ ಹೊತ್ತುಕೊಂಡಿದ್ದ ಕಥೆಯನ್ನು ಕೆಳಗಿಳಿಸಲು ಮನಸ್ಸಾಗಲಿಲ್ಲ. ಮನೆಗೆ ಬಂದು ಹಳೆಯ ಸ್ಕೆಚ್ ಪುಸ್ತಕವನ್ನು ಹುಡುಕಿ ತೆಗೆದೆ. ಮೊದಲ ನಾಲ್ಕು ದಿನಗಳ ಸ್ಕೆಚ್‌ಗಳು ಹದಿನಾಲ್ಕು ಇದ್ದವು. ಅವನ್ನು ನೆಲದ ಮೇಲೆ ಸಾಲಾಗಿ ಹರಡಿದೆ. ಮೊದಲನೆಯದರಲ್ಲಿ ಎರಡೂ ಪಾದಗಳು ನೆಲದ ಮೇಲೆ ಒಂದರ ಪಕ್ಕ ಒಂದು ಇವೆ. ಮೂರನೆಯದರಲ್ಲಿ ಬಲಗಾಲು ಒಂದು ಗೇಣು ಮುಂದೆ ಬಂದಿದೆ. ಆರನೆಯದರಲ್ಲಿ ಇನ್ನೂ ಮುಂದೆ ಚಾಚಿದೆ, ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿದೆ. ಏಳನೆಯದರಲ್ಲಿ ಮತ್ತೆ ಮಡಿಸಿದ್ದಾರೆ. ಆದರೆ ಬಲಗೈ ಕುರ್ಚಿಯ ಕೈಯಿಂದ ಇಳಿದು ತೊಡೆಯ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬೆರಳುಗಳನ್ನು ಬಿಗಿದು ಕೂತಿದೆ. ಹನ್ನೊಂದನೆಯದರಿಂದ ಕೊನೆಯವರೆಗೆ ಆ ಕೈ ಅಲ್ಲಿಂದ ಕದಲಿಲ್ಲ. ಬೆರಳ ಗೆಣ್ಣುಗಳ ಮೇಲೆ ಇದ್ದಿಲನ್ನು ಒತ್ತಿ ಒತ್ತಿ ಕಪ್ಪು ಮಾಡಿದ್ದೇನೆ. ಆ ಬಿಗಿತ ನನಗೆ ಅಷ್ಟು ಸ್ಪಷ್ಟವಾಗಿ ಕಂಡಿತ್ತು. ಎರಡು ಕಡೆ ಪಕ್ಕದಲ್ಲೇ ಬಾಣದ ಗುರುತು ಹಾಕಿ, "ಭಂಗಿ ಬದಲಾಗುತ್ತಿದೆ, ನಾಳೆ ಸರಿಪಡಿಸಬೇಕು" ಎಂದು ಬರೆದುಕೊಂಡಿದ್ದೇನೆ.

ಆ ರಾತ್ರಿ ಎಷ್ಟು ಹೊತ್ತು ಆ ಹಾಳೆಗಳ ನಡುವೆ ಕೂತಿದ್ದೆನೋ. ನೋವು ನನ್ನ ಕಣ್ಣಿಗೆ ಬಿದ್ದಿತ್ತು. ಕಣ್ಣಿನಿಂದ ಕೈಗೆ ಇಳಿದು, ಕೈಯಿಂದ ಕಾಗದಕ್ಕೂ ಬಂದಿತ್ತು. ನನಗೆ ಮಾತ್ರ ಬಂದು ಮುಟ್ಟಿರಲಿಲ್ಲ. ನಾನು ಮುಖವನ್ನು ಹುಡುಕುತ್ತಿದ್ದೆ. ಅಪ್ಪ ಮುಖದಲ್ಲಿ ಏನೂ ತೋರಗೊಡದೆ ಕೂತಿದ್ದರು. ಅವರ ಮುಖ ನನಗೆ ಏಕೆ ಸಿಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಅವರು ತೋರಿಸಲಾರದೆ ತೋರಿಸುತ್ತಿದ್ದುದೆಲ್ಲ ಆ ಕಾಲಿನಲ್ಲಿತ್ತು, ಆ ಕೈಯಲ್ಲಿತ್ತು. ಅದನ್ನು ನಾನು ಚೆನ್ನಾಗಿ ಬರೆದು, ತಪ್ಪೆಂದು ಗುರುತು ಹಾಕಿಕೊಂಡಿದ್ದೆ.

ಅಂದಿನಿಂದ ನನಗೆ ನಾರ್ವೆಯ ಚಿತ್ರಕಾರ ಮುಂಕ್ ಬರೆದ ರೋಗಿ ಹುಡುಗಿಯ ಚಿತ್ರ ಬೇರೆಯೇ ರೀತಿ ಕಾಣತೊಡಗಿದೆ. ಎಡ್ವರ್ಡ್ ಮುಂಕ್‌ನ ಅಕ್ಕ ಸೋಫಿ 1877ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಅದೇ ರೋಗದಿಂದ ತಾಯಿ ಹೋದಾಗ ಮುಂಕ್‌ಗೆ ಐದು ವರ್ಷ. ಅಕ್ಕ ಕೊನೆಯುಸಿರೆಳೆದ ಕುರ್ಚಿಯನ್ನು ಅವನು ಜೀವಮಾನವಿಡೀ ತನ್ನ ಬಳಿ ಇಟ್ಟುಕೊಂಡಿದ್ದ. ಎಂಟು ವರ್ಷಗಳ ನಂತರ, 1885ರಲ್ಲಿ, ಬೇರೊಬ್ಬ ಹುಡುಗಿಯನ್ನು ಕೂರಿಸಿಕೊಂಡು ಆ ಚಿತ್ರವನ್ನು ಆರಂಭಿಸಿದ. ಬರೆದ, ಕೆರೆದ, ತೆಳುಬಣ್ಣವನ್ನು ಸುರಿಯಗೊಟ್ಟ, ಮತ್ತೆ ಕೆರೆದ. ಮೊದಲ ಚಿತ್ರದ ಮೈಮೇಲೆ ಆ ಗೀರುಗಳು ಇಂದಿಗೂ ಉಳಿದಿವೆ. 1886ರಲ್ಲಿ ಅದನ್ನು ಪ್ರದರ್ಶಿಸಿದಾಗ ಜನ ಅರೆಬರೆ ಕೆಲಸವೆಂದು ಹೀಯಾಳಿಸಿದರು. ಆಮೇಲೆ ನಲವತ್ತು ವರ್ಷಗಳಲ್ಲಿ ಅದೇ ಚಿತ್ರವನ್ನು ಇನ್ನೂ ಐದು ಸಲ ತೈಲವರ್ಣದಲ್ಲಿ ಬರೆದ. ಕಥೆಯನ್ನು ಹೇಳುವುದಷ್ಟೇ ಉದ್ದೇಶವಾಗಿದ್ದರೆ ಒಂದು ಸಲ ಸಾಕಿತ್ತು, ಕಥೆ ಅವನಿಗೆ ಬಾಯಿಪಾಠವಾಗಿತ್ತು. ಆರು ಸಲ ಬರೆದವನಿಗೆ ಆ ಕೋಣೆಯಲ್ಲಿ ತಾನು ನೋಡಿಯೂ ಗ್ರಹಿಸದೇ ಹೋದದ್ದು ಏನೋ ಬೇಕಾಗಿತ್ತು. ಇದನ್ನು ನಾನು ಕಲಾವಿಮರ್ಶೆಯಾಗಿ ಹೇಳುತ್ತಿಲ್ಲ. ಹದಿನಾಲ್ಕು ಹಾಳೆಗಳ ನಡುವೆ ಕೂತ ಅನುಭವದಿಂದ ಹೇಳುತ್ತಿದ್ದೇನೆ.

ಅಡಿಯ ಪದರ

ತೈಲವರ್ಣದಲ್ಲಿ ಬರೆಯುವವರಿಗೆಲ್ಲ ಪೆಂಟಿಮೆಂಟೊ ಎಂಬ ಮಾತು ಪರಿಚಿತ. ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥ ಪಶ್ಚಾತ್ತಾಪ. ಕಲಾವಿದ ಮನಸ್ಸು ಬದಲಿಸಿ ಮುಚ್ಚಿದ ರೇಖೆಯೊಂದು ಕಾಲಾಂತರದಲ್ಲಿ ಮೇಲಿನ ಬಣ್ಣದ ಮೂಲಕ ತೋರಿಬಂದರೆ ಅದಕ್ಕೆ ಈ ಹೆಸರು. ಹಳೆಯ ಚಿತ್ರಗಳಲ್ಲಿ ಬಳಸುತ್ತಿದ್ದ ಸೀಸದ ಬಿಳಿ, ಎಣ್ಣೆಯೊಡನೆ ನಿಧಾನವಾಗಿ ಕೂಡಿ, ಶತಮಾನಗಳು ಕಳೆದಂತೆ ಪಾರದರ್ಶಕವಾಗುತ್ತಾ ಹೋಗುತ್ತದೆ. ಬಣ್ಣದ ಪುಡಿಯ ವಕ್ರೀಭವನಾಂಕ, ಎಂದರೆ ಅದು ಬೆಳಕನ್ನು ಬಾಗಿಸುವ ಪ್ರಮಾಣ, ಎಣ್ಣೆಯದಕ್ಕೆ ಹತ್ತಿರವಾದಷ್ಟೂ ಪದರ ಪಾರದರ್ಶಕ, ದೂರವಾದಷ್ಟೂ ಅಪಾರದರ್ಶಕ. ಅಗಸೆ ಎಣ್ಣೆಯದು ಸುಮಾರು 1.5, ಸೀಸದ ಬಿಳಿಯದು ಸುಮಾರು 2, ಟೈಟೇನಿಯಂ ಬಿಳಿಯದು 2.5ರಿಂದ 2.7. ನಾನು ಅಪ್ಪನನ್ನು ಮುಚ್ಚಿದ್ದು ಟೈಟೇನಿಯಂನಿಂದ. ಅಕ್ಕ ಹೇಳಿದ ಮೇಲೆ ಈ ಲೆಕ್ಕವನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮಾಡಿದ್ದೇನೆ. ಆ ಗೋಡೆಯ ಮೂಲಕ ಅವರ ಭುಜಗಳು ತೋರಿಬರುವುದು ನನ್ನ ಕಾಲದಲ್ಲಂತೂ ಇಲ್ಲ.

ಜರ್ಮನಿಯ ಡ್ರೆಸ್ಡೆನ್ನಿನ ಗ್ಯಾಲರಿಯಲ್ಲಿ ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ ಒಂದು ಚಿತ್ರವಿದೆ: ತೆರೆದ ಕಿಟಕಿಯ ಬಳಿ ಪತ್ರ ಓದುತ್ತಿರುವ ಹುಡುಗಿ, ಅವಳ ಹಿಂದೆ ಬಹುಕಾಲ ಕಾಣುತ್ತಿದ್ದದ್ದು ಬರಿಯ ಗೋಡೆ. ಆ ಬರಿದಾದ ಗೋಡೆಯ ಮೌನವನ್ನು ತಲೆಮಾರುಗಳ ಕಾಲ ಜನ ಮೆಚ್ಚಿದರು. 1979ರಲ್ಲಿ ಎಕ್ಸ್‌ರೇ ತೆಗೆದಾಗ ಗೋಡೆಯಡಿ ಮನ್ಮಥನ ದೊಡ್ಡ ಚಿತ್ರವೊಂದು ಕಂಡಿತು. ಮುಚ್ಚಿದವನು ವರ್ಮೀರನೇ ಎಂದು ಎಲ್ಲರೂ ತಿಳಿದಿದ್ದರು. ಸಂರಕ್ಷಣಾ ತಜ್ಞರು ಪರೀಕ್ಷಿಸಿದಾಗ ಅದು ಅವನ ಕಾಲದ ನಂತರ ಬೇರೆ ಯಾರೋ ಹಚ್ಚಿದ ಬಣ್ಣವೆಂದು ತಿಳಿಯಿತು. ಆ ಪದರವನ್ನು ತೆಗೆದು 2021ರಲ್ಲಿ ಚಿತ್ರವನ್ನು ಮತ್ತೆ ಜನರ ಮುಂದಿಟ್ಟರು. ಹಳೆಯ ಮೌನವೇ ಚೆನ್ನಾಗಿತ್ತೆಂದು ಕೊರಗುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಆ ಮೌನ ವರ್ಮೀರನದಾಗಿರಲಿಲ್ಲ. ನನ್ನ ಕುರ್ಚಿಯ ಮೌನವೂ ಜನ ತಿಳಿದ ಮೌನವಲ್ಲ, ನಾನು ತಿಳಿದದ್ದೂ ಅಲ್ಲ.

ಕಳೆದ ತಿಂಗಳು ಚಿತ್ರವನ್ನು ಕೊಂಡ ಆ ಮಹಿಳೆ ಫೋನ್ ಮಾಡಿದರು. ಮನೆ ಬದಲಾಯಿಸಿದ್ದಾರಂತೆ. ಹೊಸ ಮನೆಯಲ್ಲಿ ಚಿತ್ರವನ್ನು ಕಿಟಕಿಯ ಪಕ್ಕದ ಗೋಡೆಗೆ ಹಾಕಿದ್ದಾರೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಚಿತ್ರದ ಕೆಳಭಾಗದಲ್ಲಿ ಏರು ಗೆರೆಯಂತೆ ಏನೋ ಕಾಣುತ್ತದೆ, ಬಣ್ಣ ಬಿರುಕು ಬಿಡುತ್ತಿದೆಯೇ, ಒಮ್ಮೆ ಬಂದು ನೋಡುವಿರಾ ಎಂದು ಕೇಳಿದರು. ನಾನು ಸಂಜೆಯ ಹೊತ್ತಿಗೇ ಹೋದೆ. ಮೊದಲು ಏನೂ ಕಾಣಲಿಲ್ಲ. ಬಿಸಿಲು ಕಿಟಕಿಯ ಕಂಬಿ ದಾಟಿ ಗೋಡೆಯ ಮೇಲೆ ಅಡ್ಡಡ್ಡವಾಗಿ ಹರಿಯತೊಡಗಿದಾಗ, ಕುರ್ಚಿಯ ಮುಂದಿನ ನೆಲದಲ್ಲಿ ಬಣ್ಣ ಮೆಲ್ಲನೆ ಉಬ್ಬಿ ನಿಂತಿತು. ಬಿರುಕಲ್ಲ. ಅಡಿಯಲ್ಲಿದ್ದ ದಪ್ಪ ಬಣ್ಣದ ದಿಂಡು. ಮುಖವನ್ನು ಪ್ರತಿದಿನ ಕೆರೆದಿದ್ದರಿಂದ ಅಲ್ಲಿ ಉಳಿದದ್ದು ಏನೂ ಇರಲಿಲ್ಲ. ಬಟ್ಟೆಯ ಮಡಿಕೆಗಳನ್ನು ಮಾತ್ರ ನಾನು ಕೆರೆದಿರಲಿಲ್ಲ, ಅವುಗಳ ಮೇಲೆಯೇ ನೆಲವನ್ನು ಎಳೆದಿದ್ದೆ. ಆಸನದ ಅಂಚಿನಿಂದ ಶುರುವಾಗಿ ಓರೆಯಾಗಿ ಮುಂದಕ್ಕೆ, ಬಲಗಡೆಗೆ, ಒಂದು ಉದ್ದನೆಯ ಏರು ಹೋಗಿ ಹಿಮ್ಮಡಿಯಿರಬೇಕಾದಲ್ಲಿ ನಿಂತಿತ್ತು.

ಅವರಿಗೆ ಎಲ್ಲವನ್ನೂ ಹೇಳಿದೆ. ಪ್ರದರ್ಶನದಲ್ಲಿ ಹೇಳಿದ ಎರಡು ವಾಕ್ಯಗಳನ್ನು ಬಿಡಿಸಿಟ್ಟೆ. ಆ ಸಂಜೆಯ ವಿಷಯ, ಅಕ್ಕ ಹೇಳಿದ ವಿಷಯ, ಸ್ಕೆಚ್‌ಗಳ ವಿಷಯ ಹೇಳಿದೆ. ಬೇಡವೆನಿಸಿದರೆ ಚಿತ್ರವನ್ನು ಹಿಂತಿರುಗಿಸಬಹುದು, ಇಲ್ಲವಾದರೆ ಆ ಏರನ್ನು ಕಾಣದಂತೆ ಮಟ್ಟ ಮಾಡಿಕೊಡಬಲ್ಲೆ ಎಂದೂ ಹೇಳಿದೆ. ಅವರು ನನ್ನ ಮಾತಿನ ಕೊನೆಯ ಭಾಗವನ್ನು ಕೇಳಿಸಿಕೊಂಡರೋ ಇಲ್ಲವೋ. ಚಿತ್ರದ ಹತ್ತಿರಕ್ಕೆ ಹೋಗಿ, ಬಿಸಿಲಿಗೆ ಅಡ್ಡವಾಗದಂತೆ ಒಂದು ಪಕ್ಕಕ್ಕೆ ಬಾಗಿ, ಆ ಗೆರೆಯನ್ನು ಆಸನದಿಂದ ನೆಲದವರೆಗೆ ಕಣ್ಣಿನಿಂದಲೇ ಹಿಂಬಾಲಿಸಿದರು.

"ಕಾಲು ಚಾಚಿದ್ದಾರೆ" ಎಂದರು. ಆಮೇಲೆ ಕಿಟಕಿಯ ಪರದೆಯನ್ನು ಇನ್ನೂ ಸ್ವಲ್ಪ ಸರಿಸಿದರು.